ಹಸಿ ಹೊಲದಲ್ಲಿ ಸೋಯಾಬೀನ್ ರಾಶಿ: ಕಾಳು ಎಲ್ಲಿ ಹೋಗುತ್ತಿದೆ?

ಉತ್ತರೆ, ಹಸ್ತ ಮಳೆ ಬಿಡದೆ ಹಿಡಿದರೆ ಬೀದರ್, ಬೆಳಗಾವಿ, ಧಾರವಾಡ, ಹಾವೇರಿ ಕಡೆಯ ಸೋಯಾಬೀನ್ ಬೆಳೆಗಾರರ ಪಾಡು ಎಲ್ಲರಿಗೂ ಗೊತ್ತಿರುವುದೇ. ಕಾಯಿ ಒಣಗಿ ನಿಂತಿರುತ್ತದೆ, ದಂಟು ಹಸಿ, ನೆಲ ಅದಕ್ಕಿಂತ ಹಸಿ. ಬಾಡಿಗೆಯ ಕಂಬೈನ್ (ಬೆಳೆ ಕೊಯ್ದು ಕಾಳು ಬಿಡಿಸುವ ರಾಶಿ ಮಷೀನ್) ಒಂದು ದಿನಕ್ಕೆ ಮಾತ್ರ ಸಿಗುತ್ತದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇದ್ದುದರಿಂದ ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ರಾಶಿ ಮಷೀನ್ ಹೋದ ಮೇಲೆ ಒಂದು ಮಳೆ ಬಿತ್ತು. ವಾರದೊಳಗೆ ಹೊಲವೆಲ್ಲ ಬಿತ್ತಿದ ಹಾಗೆ ಸೋಯಾಬೀನ್ ಮೊಳಕೆ. ಡ್ರೈವರ್ "ಇಷ್ಟು ಹೋಗೇ ಹೋಗತೈತ್ರಿ" ಅನ್ನುತ್ತಾನೆ. ನಿಜಕ್ಕೂ ಎಷ್ಟು ಹೋಗಿದೆ, ಯಂತ್ರದ ಯಾವ ಭಾಗದಲ್ಲಿ ಹೋಗಿದೆ ಎಂದು ತಿಳಿಯುವುದು ಹೇಗೆ?
— ಓದುಗರು, ಬೈಲಹೊಂಗಲ

ಉತ್ತರ: ಎಣಿಸಿದರೆ ತಿಳಿಯುತ್ತದೆ. ಕಾಲು ಗಂಟೆಯ ಕೆಲಸ. ಮೊಳಕೆ ಬಂದ ಮೇಲೆ ನೋಡಿ ಪ್ರಯೋಜನವಿಲ್ಲ, ಯಂತ್ರ ಮೊದಲ ಎರಡು ಸುತ್ತು ಹೊಡೆದಾಗಲೇ ನೋಡಬೇಕು.

ನಾಲ್ಕು ಮೀಟರ್ ಹಗ್ಗದ ತುದಿಗಳನ್ನು ಗಂಟು ಹಾಕಿ, ನಾಲ್ಕು ಕಡ್ಡಿ ಚುಚ್ಚಿ ಚೌಕ ಮಾಡಿದರೆ ಒಂದು ಚದರ ಮೀಟರ್. ಸೋಯಾಬೀನಿನ ನೂರು ಕಾಳು ಸುಮಾರು 12 ಗ್ರಾಂ ತೂಗುತ್ತವೆ ಎಂದಿಟ್ಟುಕೊಳ್ಳಿ. ಎಕರೆ ಎಂದರೆ 4,047 ಚದರ ಮೀಟರ್. ಹಾಗಾಗಿ ಚೌಕದಲ್ಲಿ ಸಿಕ್ಕ ಪ್ರತಿ ಎರಡು ಕಾಳಿಗೆ ಎಕರೆಗೆ ಒಂದು ಕೆಜಿ ನಷ್ಟ. ಈ ಒಂದು ಲೆಕ್ಕ ನೆನಪಿದ್ದರೆ ಸಾಕು. ನಿಮ್ಮ ತಳಿಯ ಕಾಳು ದಪ್ಪವಿದ್ದರೆ ನೂರು ಕಾಳು ತೂಗಿ ಲೆಕ್ಕ ಸರಿಮಾಡಿಕೊಳ್ಳಿ.

ಯಂತ್ರ ಎಂದಿನ ವೇಗದಲ್ಲಿ ಕೊಯ್ಯುತ್ತಿರುವಾಗ ಹೊಲದ ನಡುವೆ ನಿಲ್ಲಿಸಲು ಹೇಳಿ. ಒಳಗಿನ ಬೆಳೆ ಪೂರ್ತಿ ಹೊರಬಿದ್ದ ಮೇಲೆ ನಾಲ್ಕೈದು ಮೀಟರ್ ಹಿಂದಕ್ಕೆ ತೆಗೆಸಿ. ಇನ್ನು ಮೂರು ಜಾಗದಲ್ಲಿ ಚೌಕ ಇಟ್ಟು, ಬಿದ್ದ ಕಾಳಿನ ಜೊತೆ ಕಾಯಿ ಬಿಡಿಸಿ ಒಳಗಿನ ಕಾಳನ್ನೂ ಎಣಿಸಿ. ಮೊದಲನೆಯದು ಮುಂದೆ ಇನ್ನೂ ನಿಂತಿರುವ ಬೆಳೆಯ ಬುಡದಲ್ಲಿ. ಅಲ್ಲಿ ಸಿಗುವುದು ತಾನಾಗಿ ಸಿಡಿದದ್ದು, ಅದಕ್ಕೆ ಯಂತ್ರ ಹೊಣೆಯಲ್ಲ. ಎರಡನೆಯದು ಯಂತ್ರ ಹಿಂದೆ ಸರಿದ ಜಾಗದಲ್ಲಿ. ಅಲ್ಲಿ ಕಟರ್ (ಯಂತ್ರದ ಮುಂದಿನ ಕೊಯ್ಯುವ ಭಾಗ) ಹಾದಿದೆ, ಹೊಟ್ಟು ಬಿದ್ದಿಲ್ಲ. ಮೂರನೆಯದು ಯಂತ್ರದ ಹಿಂದೆ, ನಿಂತಲ್ಲಿ ಬಿದ್ದ ಗುಡ್ಡೆಯಿಂದ ಹತ್ತು ಮೀಟರ್ ದೂರದಲ್ಲಿ, ಹೊಟ್ಟು ಸರಿಸಿ.

ಒಂದು ಉದಾಹರಣೆ ನೋಡೋಣ. ಮೊದಲ ಚೌಕದಲ್ಲಿ 10, ಎರಡನೆಯದರಲ್ಲಿ 70, ಮೂರನೆಯದರಲ್ಲಿ 130 ಕಾಳು ಸಿಕ್ಕವು. ಕಟರ್ ಭಾಗದ ನಷ್ಟ 70ರಲ್ಲಿ 10 ಕಳೆದು 60 ಕಾಳು, ಅಂದರೆ ಎಕರೆಗೆ 30 ಕೆಜಿ. ಹಿಂದಿನ ನಷ್ಟವನ್ನು ಮಾತ್ರ ಹಾಗೇ ಲೆಕ್ಕ ಹಾಕಬಾರದು. 3.6 ಮೀಟರ್ ಅಗಲ ಕೊಯ್ದ ಬೆಳೆಯ ಹೊಟ್ಟು ಸುಮಾರು 1.2 ಮೀಟರ್ ಪಟ್ಟೆಯಲ್ಲಿ ಬೀಳುತ್ತದೆ, ಕಾಳೂ ಅಲ್ಲೇ ಒತ್ತಾಗಿರುತ್ತದೆ. ಆದ್ದರಿಂದ 130ರಲ್ಲಿ 70 ಕಳೆದು ಉಳಿದ 60ನ್ನು ಮೂರರಿಂದ ಭಾಗಿಸಿ: 20 ಕಾಳು, ಎಕರೆಗೆ 10 ಕೆಜಿ. ಯಂತ್ರದಿಂದ ಒಟ್ಟು 40 ಕೆಜಿ ಹೋಗಿದೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ, ಆ ಲೆಕ್ಕದಲ್ಲಿ ಎಕರೆಗೆ ಸುಮಾರು 2,100 ರೂಪಾಯಿ ಮಣ್ಣುಪಾಲು.

ಎಕರೆಗೆ 8 ಕ್ವಿಂಟಲ್ ಬೆಳೆಯಲ್ಲಿ, ಒಣ ದಿನ, ಸರಿಯಾದ ಹೊಂದಾಣಿಕೆ ಇದ್ದರೆ ಯಂತ್ರದ ನಷ್ಟ 24 ಕೆಜಿ ದಾಟಬಾರದು. ಹಸಿಯಲ್ಲಿ 40 ಕೆಜಿವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚು ಬಿದ್ದರೆ ಯಂತ್ರ ನಿಲ್ಲಿಸಿ ಸರಿಪಡಿಸಲೇಬೇಕು. "ಇಷ್ಟು ಹೋಗೇ ಹೋಗತೈತಿ" ಎಂಬ ಮಾತನ್ನು ಒಪ್ಪಬೇಡಿ. ಸೋಯಾಬೀನಿನಲ್ಲಿ ದೊಡ್ಡ ಪಾಲು ಹೋಗುವುದು ಯಂತ್ರದ ಮುಂಭಾಗದಲ್ಲಿ, ಅಲ್ಲಿಯ ಹೊಂದಾಣಿಕೆಗಳು ಬಹುತೇಕ ಡ್ರೈವರ್‌ನ ಕೈಯಲ್ಲೇ ಇವೆ.

ಪ್ರಶ್ನೆ: ಹಾಗಾದರೆ ಮುಂಭಾಗದಲ್ಲಿ ಏನೇನು ನೋಡಬೇಕು? ನಮ್ಮಲ್ಲಿ ಕಾಯಿ ನೆಲದಿಂದ ಮೂರು ಬೆರಳು ಎತ್ತರದಲ್ಲೇ ಶುರುವಾಗುತ್ತದೆ. ಅಲ್ಲಲ್ಲಿ ಬೆಳೆ ಮಲಗಿಯೂ ಇದೆ.
— ಓದುಗರು, ಹುಕ್ಕೇರಿ

ಉತ್ತರ: ಬಿದ್ದಿರುವುದು ಯಾವ ರೂಪದಲ್ಲಿದೆ ಎನ್ನುವುದೇ ಕಾರಣ ಹೇಳುತ್ತದೆ. ಬಿಡಿ ಕಾಳು ಚೆಲ್ಲಿದ್ದರೆ ಕಾಯಿ ಹೊಡೆತಕ್ಕೆ ಸಿಡಿದಿದೆ: ರೀಲ್ (ಗಿಡವನ್ನು ಬ್ಲೇಡಿನತ್ತ ಬಾಗಿಸುವ ತಿರುಗು ಹಲಗೆಗಳು) ಜೋರಾಗಿ ತಿರುಗುತ್ತಿದೆ ಅಥವಾ ಬ್ಲೇಡ್ ಮೊಂಡಾಗಿ ಗಿಡವನ್ನು ಜಗ್ಗುತ್ತಿದೆ. ಕೂಳೆಯ ಮೇಲೆ ಕಾಯಿ ಉಳಿದಿದ್ದರೆ ಕಟರ್ ಎತ್ತರವಾಯಿತು. ಕೊಯ್ದ ಗಿಡವೇ ಇಡಿಯಾಗಿ ನೆಲಕ್ಕೆ ಬಿದ್ದಿದ್ದರೆ ರೀಲ್ ಅದನ್ನು ಆಗರ್ (ಕೊಯ್ದ ಗಿಡವನ್ನು ನಡುವಿಗೆ ಸೇರಿಸುವ ಸುರುಳಿ) ಕಡೆಗೆ ತಳ್ಳುತ್ತಿಲ್ಲ, ಅಂದರೆ ರೀಲ್ ತೀರಾ ನಿಧಾನ ಅಥವಾ ತೀರಾ ಮುಂದಿದೆ.

ರೀಲಿನ ವೇಗ ಯಂತ್ರದ ನಡಿಗೆಗಿಂತ ಸ್ವಲ್ಪವೇ ಹೆಚ್ಚಿರಬೇಕು, 1.1ರಿಂದ 1.25 ಪಟ್ಟು. ಮೊದಲು ನಡಿಗೆ ಅಳೆಯಿರಿ. 20 ಮೀಟರ್ ದೂರವನ್ನು 20 ಸೆಕೆಂಡಿನಲ್ಲಿ ಕ್ರಮಿಸಿದರೆ ಗಂಟೆಗೆ 3.6 ಕಿ.ಮೀ. ಹಸಿ ದಂಟಿಗೆ ಅದು ಸರಿಯಾದ ನಡಿಗೆ, 4.5 ದಾಟುವುದು ಬೇಡ. ರೀಲಿನ ಅಡ್ಡಳತೆ 1 ಮೀಟರ್ ಇದ್ದರೆ ಈ ನಡಿಗೆಗೆ ನಿಮಿಷಕ್ಕೆ 21ರಿಂದ 24 ಸುತ್ತು ಸಾಕು. ರೀಲಿನ ಒಂದು ಹಲಗೆಗೆ ಬಟ್ಟೆ ಕಟ್ಟಿ ಎಣಿಸಿದರೆ ತಿಳಿಯುತ್ತದೆ. ಬಹಳಷ್ಟು ಯಂತ್ರಗಳು ಬೇರೆ ಬೆಳೆ ಮುಗಿಸಿ, ಅದೇ ವೇಗದ ರೀಲಿನೊಂದಿಗೆ ಸೋಯಾಬೀನಿಗೆ ಇಳಿಯುತ್ತವೆ. ಮಳೆ-ಬಿಸಿಲು ಒಂದಾದ ಮೇಲೊಂದು ಬಿದ್ದ ಕಾಯಿಯ ಸೀಳುಗೆರೆ ಆಗಲೇ ಸಡಿಲಾಗಿರುತ್ತದೆ, ಒಂದು ಏಟಿಗೆ ಬಾಯಿ ಬಿಡುತ್ತದೆ. ರೀಲಿನ ಅಕ್ಷ ಬ್ಲೇಡಿಗಿಂತ 15ರಿಂದ 25 ಸೆಂ.ಮೀ. ಮುಂದಿರಲಿ. ಹಲಗೆ ಗಿಡದ ಮೇಲಿನ ಮೂರನೇ ಒಂದು ಭಾಗಕ್ಕೆ ಮಾತ್ರ ತಾಗಲಿ.

ಬ್ಲೇಡಿನ ವಿಷಯದಲ್ಲಿ ರಾಜಿ ಬೇಡ. ಹಸಿ ದಂಟು ಒಣ ದಂಟಿನ ಹಾಗೆ ಟಕ್ಕನೆ ಮುರಿಯುವುದಿಲ್ಲ, ಅದನ್ನು ಕತ್ತರಿಸಲೇಬೇಕು. ಕೂಳೆಯ ತುದಿ ನೋಡಿ: ಓರೆಯಾಗಿ ನುಣ್ಣಗಿದ್ದರೆ ಸರಿ, ನಾರು ನಾರಾಗಿ ಜಗಿದ ಹಾಗಿದ್ದರೆ ಬ್ಲೇಡಿನ ತುಂಡುಗಳು ಸವೆದಿವೆ, ಇಲ್ಲವೇ ಅವುಗಳ ಮೇಲಿನ ಕ್ಲಿಪ್ ಸಡಿಲಾಗಿ ಬ್ಲೇಡ್ ಮೇಲೆದ್ದು ನಡೆಯುತ್ತಿದೆ. ಬ್ಲೇಡ್ ಒಂದು ಕಡೆಯ ಕೊನೆಗೆ ಬಂದಾಗ ತುಂಡಿನ ನಡುಗೆರೆ ಗಾರ್ಡಿನ (ಬ್ಲೇಡ್ ಹಾದುಹೋಗುವ ಚೂಪು ಹಲ್ಲಿನ) ನಡುಗೆರೆಗೆ ನೇರವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಅರ್ಧ ಗಿಡ ಕತ್ತರಿಸಿ ಅರ್ಧ ಕಿತ್ತು ಹೋಗುತ್ತದೆ. ಬದಲಿ ತುಂಡು, ರಿವೆಟ್ ಯಂತ್ರದ ಜೊತೆ ಇವೆಯೇ ಎಂದು ಮುಂಗಡ ಕೊಡುವಾಗಲೇ ಕೇಳಿ.

ಎತ್ತರ 5ರಿಂದ 7 ಸೆಂ.ಮೀ. ಗುರಿ ಇರಲಿ. ನಿಮ್ಮಲ್ಲಿ ಕಾಯಿ ಅಷ್ಟು ಕೆಳಗಿದ್ದರೆ ಐದಕ್ಕೇ ಇಳಿಸಬೇಕಾಗುತ್ತದೆ. ಆದರೆ ಹಸಿ ಎರೆ ಮಣ್ಣಿನಲ್ಲಿ ಅದಕ್ಕೂ ಕೆಳಗಿಳಿದರೆ ಬ್ಲೇಡ್ ಮಣ್ಣು ಕೆರೆದು ಒಳಗೆ ಕಳಿಸುತ್ತದೆ, ಆಮೇಲೆ ಕಾಳಿಗೆ ಅಂಟಿದ ಕೆಸರನ್ನು ಯಾವ ಜರಡಿಯೂ ತೆಗೆಯದು. ಕಟರಿನ ಕೆಳಗಿನ ಜಾರು ಪಟ್ಟಿಗಳನ್ನು ಎರಡೂ ಬದಿ ಒಂದೇ ಮಟ್ಟಕ್ಕೆ ಹೊಂದಿಸಿ. ಅಮೆರಿಕದ ದೊಡ್ಡ ಯಂತ್ರಗಳಲ್ಲಿ ನೆಲದ ಏರುತಗ್ಗಿಗೆ ಬಾಗುವ ಕಟರ್ ಇರುತ್ತದೆ. ನಮ್ಮಲ್ಲಿ ಬರುವುದು ಬಾಗದ ಗಟ್ಟಿ ಕಟರ್. ಹಾಗಾಗಿ ನೆಲವೇ ಸಮ ಇರಬೇಕು. ಕೊನೆಯ ಎಡೆ ಹೊಡೆಯುವಾಗ ಬುಡಕ್ಕೆ ಎತ್ತರದ ಮಣ್ಣು ಏರಿಸಿದರೆ ಕೊಯ್ಲಿನಲ್ಲಿ ಕಟರ್ ಎತ್ತಲೇಬೇಕಾಗುತ್ತದೆ, ಕೆಳಗಿನ ಕಾಯಿ ಹೊಲಕ್ಕೇ ಬಿಟ್ಟಂತೆ. ಮುಂದಿನ ವರ್ಷ ಇದನ್ನು ಜುಲೈಯಲ್ಲೇ ಯೋಚಿಸಿ.

ಮಲಗಿದ ಜಾಗದಲ್ಲಿ ಬೆಳೆ ಮಲಗಿದ ದಿಕ್ಕಿಗೆ ಎದುರಾಗಿ ಅಥವಾ ಓರೆಯಾಗಿ ಬರಲಿ. ಅಲ್ಲಿಗೆ ಮಾತ್ರ ರೀಲ್ ಇನ್ನಷ್ಟು ಮುಂದೆ, ಕೆಳಗೆ. ನಡಿಗೆ ಅರ್ಧಕ್ಕೆ ಇಳಿಸಿ. ಒಂದು ಬದಿಯಿಂದ ಮಾತ್ರ ಕೊಯ್ದು ಖಾಲಿ ತಿರುಗಿ ಬಂದರೆ ಡೀಸೆಲ್ ಹೋಗುತ್ತದೆ, ಆದರೂ ಕಾಳಿನ ಲೆಕ್ಕದಲ್ಲಿ ಅದೇ ಲಾಭ.

ಪ್ರಶ್ನೆ: ಬೆಳಿಗ್ಗೆ ಒಡೆಯದ ಕಾಯಿಗಳು ಹೊಟ್ಟಿನ ಜೊತೆ ಹಿಂದೆ ಹೋಗುತ್ತಿದ್ದವು. ಕಾಳು ಬಿಡಿಸುವ ಡ್ರಮ್ ಜೋರು ಮಾಡಿಸಿದೆವು. ಮಧ್ಯಾಹ್ನದ ಚೀಲಗಳಲ್ಲಿ ಕಾಳು ಒಡೆದು ಬೇಳೆ. ಅಡತಿಯಲ್ಲಿ ದರ ಕಡಿದರು. ಸರಿಯಾದ ವೇಗ ಯಾವುದು?
— ಓದುಗರು, ಕಲಘಟಗಿ

ಉತ್ತರ: ಬೆಳಿಗ್ಗೆಯ ವೇಗವನ್ನೇ ಮಧ್ಯಾಹ್ನಕ್ಕೂ ಬಿಟ್ಟಿದ್ದರಿಂದ ಹೀಗಾಗಿದೆ. ಕಾಯಿಯ ಸಿಪ್ಪೆ ಹಸಿಯಾಗಿದ್ದಾಗ ಚರ್ಮದಂತೆ ಬಾಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಎರಡು ತಾಸು ಬಿಸಿಲು ಬಿದ್ದರೆ ಅದೇ ಸಿಪ್ಪೆ ಮುಟ್ಟಿದರೆ ಒಡೆಯುತ್ತದೆ. ಹಸಿ ದಿನಗಳಲ್ಲಿ ಡ್ರಮ್ ಹೊಂದಾಣಿಕೆಯನ್ನು ಮೂರು ಸಲ ನೋಡಬೇಕು: ಶುರುವಿಗೆ, ಒಂದು ಗಂಟೆಯ ಸುಮಾರಿಗೆ, ಮತ್ತೆ ನಾಲ್ಕೂವರೆಗೆ.

60 ಸೆಂ.ಮೀ. ಅಡ್ಡಳತೆಯ ಡ್ರಮ್ಮಿಗೆ ಬೆಳಿಗ್ಗೆಯ ಹಸಿಗೆ ನಿಮಿಷಕ್ಕೆ 500ರಿಂದ 550 ಸುತ್ತು, ಬಿಸಿಲೇರಿದ ಮೇಲೆ 400ರಿಂದ 450. ಗೋಧಿಗೆ ಇಟ್ಟ ವೇಗ ಇದಕ್ಕಿಂತ ಬಹಳ ಹೆಚ್ಚು, ಅದರಲ್ಲಿ ಸೋಯಾಬೀನ್ ನುಗ್ಗುನುಚ್ಚಾಗುತ್ತದೆ. ಡ್ರಮ್ಮಿಗೂ ಕೆಳಗಿನ ಜಾಲಿಗೂ (ಕಾನ್ಕೇವ್) ನಡುವಿನ ಅಂತರ ಮುಂದೆ 20ರಿಂದ 25 ಮಿ.ಮೀ., ಹಿಂದೆ 10ರಿಂದ 15. ಕಾಯಿ ಒಡೆಯದಿದ್ದರೆ ಮೊದಲು ವೇಗ ಮುಟ್ಟಬೇಡಿ. ಅಂತರವನ್ನು 2-3 ಮಿ.ಮೀ. ಕಡಿಮೆ ಮಾಡಿ ಐವತ್ತು ಮೀಟರ್ ಕೊಯ್ದು ನೋಡಿ. ಆಗಲೂ ಆಗದಿದ್ದರೆ ವೇಗ 25ರಿಂದ 50 ಸುತ್ತು ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯದು. ಬೇಳೆ ಕಂಡರೆ ಇದರ ತಿರುವುಮುರುವು: ಮೊದಲು ವೇಗ ಇಳಿಸಿ, ಆಮೇಲೆ ಅಂತರ ಹೆಚ್ಚಿಸಿ. ಜಾಲಿಯ ಎಡ ಬಲ ಅಂತರ ಸಮ ಇದೆಯೇ ಎಂದೂ ಅಳೆಯಿರಿ. ಒಂದೇ ಹೊತ್ತಿಗೆ ಒಡೆಯದ ಕಾಯಿಯೂ ಬೇಳೆಯೂ ಬರುತ್ತಿದ್ದರೆ ಬಹಳ ಸಲ ಜಾಲಿ ಓರೆಯಾಗಿರುತ್ತದೆ, ಇಲ್ಲವೇ ಅದರ ಕಂಡಿಗಳಲ್ಲಿ ಹಸಿ ಹೊಟ್ಟು ಮೆತ್ತಿ ಕಾಳು ಕೆಳಗಿಳಿಯದೆ ಮತ್ತೆ ಮತ್ತೆ ಏಟು ತಿನ್ನುತ್ತಿರುತ್ತದೆ.

ಇಲ್ಲಿ ಒಂದು ತಪ್ಪು ತುಂಬ ಕಾಣುತ್ತದೆ. ಡ್ರಮ್ ನಿಧಾನ ಮಾಡಿ ಎಂದರೆ ಡ್ರೈವರ್ ಎಂಜಿನ್ನಿನ ರೇಸ್ ತಗ್ಗಿಸುತ್ತಾನೆ. ಆಗ ಡ್ರಮ್ಮಿನ ಜೊತೆ ಫ್ಯಾನ್, ಜರಡಿ, ಹೊಟ್ಟು ಜಾಡಿಸುವ ವಾಕರ್ ಎಲ್ಲವೂ ನಿಧಾನವಾಗಿ, ಕಾಳು ಹೊಟ್ಟಿನ ಮೇಲೇ ಕೂತು ಹಿಂದೆ ಬೀಳುತ್ತದೆ. ಎಂಜಿನ್ ಪೂರ್ತಿ ರೇಸಿನಲ್ಲೇ ಓಡಬೇಕು. ಡ್ರಮ್ ವೇಗವನ್ನು ಅದರ ವೇರಿಯೇಟರ್ (ವೇಗ ಬದಲಿಸುವ ಸಾಧನ) ಅಥವಾ ಪುಲ್ಲಿ ಬದಲಿಸಿಯೇ ಇಳಿಸಬೇಕು, ನಡಿಗೆಯನ್ನು ಗೇರಿನಲ್ಲಿ. ಭತ್ತದ ಮುಳ್ಳು ಡ್ರಮ್ ಹೊತ್ತ, ವೇಗ ಇಳಿಸುವ ಪುಲ್ಲಿ ಇಲ್ಲದ ಯಂತ್ರವನ್ನು ಸೋಯಾಬೀನಿಗೆ ಕರೆಯಬೇಡಿ, ಬಾಡಿಗೆ ಎಷ್ಟೇ ಅಗ್ಗವಿರಲಿ. ಗೀರು ಪಟ್ಟಿಯ (ರಾಸ್ಪ್ ಬಾರ್) ಡ್ರಮ್ ಬೇಕು.

ತೀರಾ ನಿಧಾನ ನಡಿಗೆಯೂ ಬೇಳೆಗೆ ಕಾರಣ. ತೆಳುವಾದ ಬೆಳೆಯಲ್ಲಿ ಯಂತ್ರ ತೆವಳಿದರೆ ಡ್ರಮ್ಮಿನಲ್ಲಿ ದಂಟಿನ ಮೆತ್ತೆ ಇರುವುದಿಲ್ಲ, ಕಾಳಿಗೆ ನೇರ ಏಟು ಬೀಳುತ್ತದೆ.

ಪ್ರಶ್ನೆ: ಕಳೆ ಜಾಸ್ತಿ ಇದೆ. ಹತ್ತು ನಿಮಿಷಕ್ಕೊಮ್ಮೆ ಜರಡಿ ಕಟ್ಟಿಕೊಳ್ಳುತ್ತದೆ, ಡ್ರಮ್ ಗುರ್ ಅನ್ನುತ್ತದೆ.
— ಓದುಗರು, ಹಾವೇರಿ

ಉತ್ತರ: ಗುರ್ ಸದ್ದು ಎಂದರೆ ಬೆಳೆ ಉಂಡೆ ಉಂಡೆಯಾಗಿ ಡ್ರಮ್ಮಿಗೆ ಹೋಗುತ್ತಿದೆ. ಫೀಡರ್ ಚೈನ್ (ಬೆಳೆಯನ್ನು ಡ್ರಮ್ಮಿಗೆ ಒಯ್ಯುವ ಸರಪಳಿ) ಸಡಿಲಾಗಿದೆಯೇ, ಆಗರ್ ಸುರುಳಿಗೂ ತಳದ ತಗಡಿಗೂ 6ರಿಂದ 10 ಮಿ.ಮೀ.ಗಿಂತ ಹೆಚ್ಚು ಸಂದು ಇದೆಯೇ, ಆಗರ್ ಬೆರಳುಗಳು ಮುರಿದಿವೆಯೇ ನೋಡಿ. ಬೆಲ್ಟ್ ಒದ್ದೆಯಾಗಿ ಜಾರುತ್ತಿದ್ದರೂ ಇದೇ ಸದ್ದು.

ಜರಡಿಗೆ: ಮೇಲಿನದನ್ನು 14-16 ಮಿ.ಮೀ. ತೆರೆಯಿರಿ, ಕೆಳಗಿನದನ್ನು 9-10. ಸೋಯಾಬೀನ್ ಕಾಳು ಭಾರ, ಸುಲಭಕ್ಕೆ ಹಾರುವುದಿಲ್ಲ. ಆದ್ದರಿಂದ ಗಾಳಿ ಧೈರ್ಯವಾಗಿ ಹೆಚ್ಚಿಸಿ, ಹಿಂದೆ ಕಾಳು ಬೀಳಲು ಶುರುವಾದಾಗ ಒಂದು ಮೆಟ್ಟಿಲು ಇಳಿಸಿ. ಮರಳಿ ಡ್ರಮ್ಮಿಗೆ ಹೋಗುವ ಎಲಿವೇಟರಿನ ಬಾಗಿಲು ತೆರೆದು ನೋಡಿ. ಅದರಲ್ಲಿ ಒಳ್ಳೆಯ ಕಾಳೇ ತುಂಬಿದ್ದರೆ ಕೆಳಗಿನ ಜರಡಿ ಬಿಗಿಯಾಗಿದೆ, ಒಳ್ಳೆಯ ಕಾಳು ಎರಡನೇ ಸಲ ಏಟು ತಿಂದು ಬೇಳೆಯಾಗುತ್ತಿದೆ. ಜರಡಿಗೆ ಮುಂಚಿನ ತಟ್ಟೆಯ ಮೇಲೆ ಕೆಸರು ಮತ್ತು ಹಸಿರು ರಸ ಸೇರಿ ಗಟ್ಟಿ ಪದರ ಕಟ್ಟುತ್ತದೆ. ಬೆಳಿಗ್ಗೆ ಶುರುವಿಗೆ ಮುಂಚೆ ಮತ್ತು ಊಟದ ಬಿಡುವಿನಲ್ಲಿ ಅದನ್ನು ಕೆರೆದು ತೆಗೆಯಲೇಬೇಕು.

ಕಳೆ ಎತ್ತರವಾಗಿ ಹಸಿರಾಗಿ ನಿಂತಿರುವ ಪಟ್ಟೆಗಳಿಗೆ ಆಳು ಬಿಟ್ಟು ಮೊದಲೇ ಕೀಳಿಸಿ. ಹಸಿರು ರಸಕ್ಕೆ ಧೂಳು ಅಂಟಿ ಕಾಳು ಕಪ್ಪಾಗುತ್ತದೆ, ಬಣ್ಣಗೆಟ್ಟ ಕಾಳಿಗೆ ದರ ಸಿಗದು.

ಇದನ್ನು ಒತ್ತಿ ಹೇಳಬೇಕು: ಸಿಕ್ಕಿಕೊಂಡದ್ದನ್ನು ಬಿಡಿಸುವಾಗ ಎಂಜಿನ್ ಆರಿಸಿ, ಕೀಲಿ ಬಿಡಿಸುವವನ ಜೇಬಿನಲ್ಲಿರಲಿ. "ಸ್ವಲ್ಪ ತಿರುಗಿಸು, ನಾನು ಎಳೀತೀನಿ" ಎನ್ನುವ ಒಂದು ಮಾತಿಗೆ ಕೈ ಹೋಗುತ್ತದೆ. ಆರಿಸಿದ ಮೇಲೂ ಡ್ರಮ್ ಕೆಲಹೊತ್ತು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಂತ ಮೇಲೆಯೇ ಮುಚ್ಚಳ ತೆಗೆಯಿರಿ.

ಪ್ರಶ್ನೆ: ಎರೆ ಹೊಲ. ಮಳೆ ನಿಂತು ಎಷ್ಟು ದಿನಕ್ಕೆ ಯಂತ್ರ ಇಳಿಸಬಹುದು? ಟೈರಿನದೋ, ಚೈನಿನದೋ? ದಿನದ ಯಾವ ಹೊತ್ತಿಗೆ ಶುರು ಮಾಡಬೇಕು?
— ಓದುಗರು, ಭಾಲ್ಕಿ

ಉತ್ತರ: ದಿನದ ಲೆಕ್ಕ ಹೇಳಲಾಗದು, ಹೊಲವೇ ಹೇಳಬೇಕು. ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಿ ಬೆರಳಿಗೆ ಅಂಟಿದರೆ ಟೈರಿನ ಯಂತ್ರ ಬೇಡ. ಉಂಡೆಯನ್ನು ಒತ್ತಿದಾಗ ಪುಡಿಯಾಗಿ ಬಿರಿದರೆ ಇಳಿಸಬಹುದು. ಕಾಯುವ ಹಾಗಿಲ್ಲ, ಕಾಳು ಕಾಯಿಯಲ್ಲೇ ಮೊಳೆಯುತ್ತಿದೆ ಎಂದರೆ ಚೈನಿನದನ್ನೇ ತರಿಸಿ. ಯಾವುದೇ ಆಗಲಿ, ಟ್ಯಾಂಕ್ ಅರ್ಧ ತುಂಬುತ್ತಲೇ ಬದುವಿನ ಬಳಿ ಬಂದು ಖಾಲಿ ಮಾಡಲಿ. ಟ್ರ್ಯಾಕ್ಟರ್ ಟ್ರೇಲರನ್ನು ಹೊಲದೊಳಗೆ ಬಿಡಲೇಬೇಡಿ. ಗಾಲಿಯ ಗುಂಡಿಯಲ್ಲಿ ಒತ್ತಿದ ಎರೆ ಒಣಗಿದ ಮೇಲೆ ಕಲ್ಲು, ಹಿಂಗಾರಿಗೆ ಕಡಲೆ ಬಿತ್ತುವಾಗ ಕೂರಿಗೆಯ ತಾಳು ಇಳಿಯದು.

ದಿನದ ಹೊತ್ತಿನ ಬಗ್ಗೆಯೂ ಕೇಳಿದ್ದೀರಿ. ಇಬ್ಬನಿ ಆರುವ ಮುಂಚೆ ಶುರು ಮಾಡಬೇಡಿ, ಸಾಮಾನ್ಯವಾಗಿ ಹತ್ತೂವರೆ, ಹನ್ನೊಂದು ಗಂಟೆ. ಕಾಯಿಯನ್ನು ಎರಡು ಬೆರಳಲ್ಲಿ ತಿರುಚಿದಾಗ ಚಟ್ಟನೆ ಬಾಯಿ ಬಿಟ್ಟರೆ ಹೊತ್ತು ಬಂದಿದೆ. ಕಾಳಿನ ತೇವಾಂಶ ಶೇ. 13ರಿಂದ 15 ಇದ್ದಾಗ ಕೊಯ್ಯುವುದು ಉತ್ತಮ. 18 ದಾಟಿದರೆ ಕಾಳು ಜಜ್ಜಿ ಹೋಗುತ್ತದೆ, 12ಕ್ಕಿಂತ ಇಳಿದರೆ ಸಿಡಿಯುವುದೂ ಒಡೆಯುವುದೂ ಹೆಚ್ಚು.

ಪ್ರಶ್ನೆ: ಯಂತ್ರದಲ್ಲಿ ಮಾಡಿದ ರಾಶಿಯಿಂದ ಬೀಜ ಇಟ್ಟುಕೊಳ್ಳಬಹುದೇ? ಡಿಎಸ್‌ಬಿ-21 ಹಾಕಿದ್ದೇವೆ.
— ಓದುಗರು, ಸವದತ್ತಿ

ಉತ್ತರ: ಇಟ್ಟುಕೊಳ್ಳಬಹುದು, ಆದರೆ ಬೀಜದ ಪಟ್ಟೆಯನ್ನು ಬೇರೆಯಾಗಿಯೇ ಕೊಯ್ಯಬೇಕು. ಡಿಎಸ್‌ಬಿ-21 ಧಾರವಾಡ ಕೃಷಿ ವಿಶ್ವವಿದ್ಯಾಲಯದ ತುಕ್ಕು ರೋಗ ತಡೆಯುವ ತಳಿ, ಬೆರಕೆ ಆಗಲು ಬಿಡಬೇಡಿ. ಯಂತ್ರ ಬಂದ ಕೂಡಲೇ ಟ್ಯಾಂಕ್ ಗುಡಿಸಿ, ಎಲಿವೇಟರುಗಳ ತಳದ ಬಾಗಿಲು ತೆರೆದು ಹಿಂದಿನ ಹೊಲದ ಕಾಳು ಖಾಲಿ ಮಾಡಿಸಿ. ಮೊದಲ ಟ್ಯಾಂಕ್ ಬೀಜಕ್ಕೆ ಬೇಡ.

ಸೋಯಾಬೀನಿನ ಸಿಪ್ಪೆ ತೆಳು, ಮೊಳಕೆಯ ಬೇರಿನ ತುದಿ ಅದರ ಅಡಿಯಲ್ಲೇ ಇರುತ್ತದೆ. ಕಣ್ಣಿಗೆ ಕಾಳು ಇಡಿಯಾಗಿ ಕಂಡರೂ ಒಳಗೆ ಏಟು ಬಿದ್ದಿರಬಹುದು. ಹಾಗಾಗಿ ಬಿಸಿಲೇರಿ ತೇವಾಂಶ 13-14ಕ್ಕೆ ಬಂದ ಹೊತ್ತಿನಲ್ಲಿ, ಡ್ರಮ್ 350ರಿಂದ 400 ಸುತ್ತಿಗಿಳಿಸಿ ಬೀಜದ ಪಟ್ಟೆ ಕೊಯ್ಯಿರಿ. ಒಡೆಯದ ಕೆಲವು ಕಾಯಿ ಹೋದರೆ ಹೋಗಲಿ. ಹೊಲದಲ್ಲೇ ಪರೀಕ್ಷಿಸಲು ಟ್ಯಾಂಕಿನಿಂದ ಇಡಿಯಾಗಿ ಕಾಣುವ ನೂರು ಕಾಳು ತೆಗೆದು ನೀರಲ್ಲಿ ಹತ್ತು ನಿಮಿಷ ಬಿಡಿ. ಸಿಪ್ಪೆ ಬಿರಿದ ಕಾಳು ಅಷ್ಟರಲ್ಲೇ ಸುಕ್ಕುಗಟ್ಟಿ ಉಬ್ಬುತ್ತದೆ. ಅಂಥವು ಹತ್ತಕ್ಕಿಂತ ಹೆಚ್ಚಿದ್ದರೆ ಡ್ರಮ್ ಇನ್ನೂ ಇಳಿಸಬೇಕು.

ಬೀಜವನ್ನು ಮಧ್ಯಾಹ್ನದ ಉರಿಬಿಸಿಲಿನ ಸಿಮೆಂಟ್ ಕಣದಲ್ಲಿ ಹರಡಬೇಡಿ, ಸಿಪ್ಪೆ ಬಿರಿಯುತ್ತದೆ. ತಾಡಪತ್ರಿಯ ಮೇಲೆ ಬೆಳಿಗ್ಗೆ, ಸಂಜೆ ಒಣಗಿಸಿ ತೇವಾಂಶ 10ರ ಹತ್ತಿರಕ್ಕೆ ತನ್ನಿ. ಚೀಲ ಎತ್ತಿ ಒಗೆಯಬಾರದು, ನಾಲ್ಕೈದಕ್ಕಿಂತ ಹೆಚ್ಚು ಒಟ್ಟಬಾರದು. ಮೇ ತಿಂಗಳಲ್ಲಿ ಒದ್ದೆ ಗೋಣಿಯಲ್ಲಿ ನೂರು ಕಾಳು ಸುತ್ತಿಟ್ಟು ಮೊಳಕೆ ನೋಡಿ. 70 ಬಂದರೆ ಬಿತ್ತಬಹುದು.

ಪ್ರಶ್ನೆ: 18 ತೇವಾಂಶದಲ್ಲಿ ರಾಶಿ ಆಯಿತು, 10 ಕ್ವಿಂಟಲ್ ಬಂತು. ಒಣಗಿಸಿ ತೂಗಿದರೆ 9 ಕ್ವಿಂಟಲ್ 30 ಕೆಜಿ. ಕಣದಲ್ಲಿ ಕಳವಾಗಿದೆಯೇ ಎಂದು ಮನೆಯಲ್ಲಿ ಜಗಳ.
— ಓದುಗರು, ಔರಾದ್

ಉತ್ತರ: ಕಳವಾಗಿಲ್ಲ, ನೀರು ಆರಿದೆ. 18 ತೇವಾಂಶದ 1,000 ಕೆಜಿಯಲ್ಲಿ ಒಣ ಪದಾರ್ಥ 820 ಕೆಜಿ. 12ಕ್ಕೆ ಒಣಗಿದ ಮೇಲೆ ಅದು ತೂಕದ ನೂರಕ್ಕೆ 88 ಪಾಲು. 820ನ್ನು 0.88ರಿಂದ ಭಾಗಿಸಿದರೆ ಸುಮಾರು 932 ಕೆಜಿ. ನಿಮ್ಮ ತೂಕ ಅದಕ್ಕೆ ಎರಡು ಕೆಜಿ ಹತ್ತಿರವೇ ಇದೆ. ಬೆಂಬಲ ಬೆಲೆ ಖರೀದಿಗೂ 12ರ ಮಿತಿ ಇರುವುದರಿಂದ ಒಣಗಿಸಿದ್ದು ಸರಿ. ಅಷ್ಟು ಹಸಿ ಕಾಳನ್ನು ಒಂದು ರಾತ್ರಿಯೂ ಚೀಲದಲ್ಲಿ ಕಟ್ಟಿಡಬೇಡಿ, ಗುಡ್ಡೆಯಲ್ಲೂ ಬಿಡಬೇಡಿ. ಕೈ ಒಳಗೆ ತೂರಿಸಿದರೆ ಬಿಸಿ ತಾಗುತ್ತದೆ, ಆಗ ಬೂಷ್ಟು ಶುರುವಾಗಿದೆ ಎಂದೇ ಅರ್ಥ. ನಾಲ್ಕು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಹರಡಿ, ತಾಸಿಗೊಮ್ಮೆ ಕಾಲಲ್ಲಿ ಸಾಲು ಎಳೆದು ಮೇಲೆ-ಕೆಳಗೆ ಮಾಡಿ. ಮೋಡವಾದರೆ ಸೂರಿನಡಿ ಹರಡಿ ಫ್ಯಾನ್ ಹಚ್ಚಿ.